ಖೋ ಕಲಿತ ಡಿಫೆಂಡರ್

ಶಿಕಾಗೋದಲ್ಲಿ ಕೆಲಸ ಮುಗಿಸಿ, ಮನೆಗೆ ಹೋಗುವ ಅರೋರಾ ಟ್ರೇನು ಹಿಡಿಯಲು ಓಡುತ್ತಿದ್ದೆ. ಮುಖ ಕೊಯ್ಯುವಂಥ ಗಾಳಿ. ಆ ಟ್ರೇನು ತಪ್ಪಿದರೆ ಮುಂದಿನದಕ್ಕೆ ಬಹಳ ಹೊತ್ತು ಕಾಯಬೇಕು. ಅಷ್ಟರಲ್ಲಿ ಮೂಲೆಯ ಬೇಕರಿಯಿಂದ ಯಾರೋ ಹೊರಗೆ ಬಂದರು, ಅವರ ಹಿಂದೆಯೇ ಏಲಕ್ಕಿಯ ವಾಸನೆಯೂ ಬಂತು. ಚಕ್ಕೆಯಲ್ಲ, ವೆನಿಲ್ಲಾ ಅಲ್ಲ. ಕುಟ್ಟಾಣಿಯಲ್ಲಿ ಆಗತಾನೇ ಕುಟ್ಟಿದ ಏಲಕ್ಕಿ. ಒಳಗೆ ಹೋಗಿ ನೋಡಿದರೆ ಗಾಜಿನ ಹಿಂದೆ ಜಡೆಯ ಹಾಗೆ ಹೆಣೆದ ಬ್ರೆಡ್ಡು, ಮೇಲೆ ಸಕ್ಕರೆಯ ಹರಳು. ಕೌಂಟರಿನ ಹುಡುಗಿ ಅದರ ಹೆಸರು ಹೇಳಲು ಹೊರಟಳು. ನನಗೆ ಗೊತ್ತು ಎಂದೆ. ಇಡೀ ಬ್ರೆಡ್ಡನ್ನೇ ಕಟ್ಟಿಸಿಕೊಂಡೆ. ಟ್ರೇನು ತಪ್ಪಿತು, ತಪ್ಪಲಿ ಬಿಡಿ.

ಆ ಬ್ರೆಡ್ಡನ್ನು ನಾನು ಮೊದಲು ತಿಂದದ್ದು ಮಿಶಿಗನ್ನಿನಲ್ಲಿ, ಮಗಳು ಹುಟ್ಟುವುದಕ್ಕೂ ಮುಂಚೆ. ನನ್ನ ಗಂಡ ಡಿಯರ್‌ಬಾರ್ನಿನ ಕಾರು ಕಂಪನಿಯಲ್ಲಿ ಎಂಜಿನಿಯರ್. ಅಲ್ಲಿಗೆ ಹತ್ತಿರದ ಒಂದು ಅಪಾರ್ಟ್‌ಮೆಂಟಿನಲ್ಲಿ ನಮ್ಮ ಹೊಸ ಸಂಸಾರ. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಮೈಸೂರಿನಲ್ಲಿ ಯೂನಿವರ್ಸಿಟಿ ತಂಡಕ್ಕೆ ಖೋ ಖೋ ಆಡಿದವಳು ನಾನು. ಎದುರಾಳಿ ತಂಡದವರು ನನ್ನನ್ನು ಔಟ್ ಮಾಡಲಾರದೆ ಅಂಪೈರ್ ಜೊತೆ ಜಗಳ ತೆಗೆಯುತ್ತಿದ್ದರು. ಅಂಥವಳು ಇಲ್ಲಿ ಬಂದು ಸೋಫಾಕ್ಕೂ ಫ್ರಿಜ್ಜಿಗೂ ನಡುವೆ ಓಡಾಡಿಕೊಂಡಿದ್ದೆ.

ಮನೆ ಹಿಡಿದ ವಾರವೇ ಮೊಸರಿಗೆ ಹೆಪ್ಪು ಬೇಕಾಯಿತು. ಪಕ್ಕದ ಬಾಗಿಲಿನ ಹೊರಗೆ ಬೂಟುಗಳನ್ನು ಒಪ್ಪವಾಗಿ ಸಾಲಾಗಿ ಬಿಟ್ಟಿದ್ದರು. ಒಳಗಿನಿಂದ ಏಲಕ್ಕಿಯ ಘಮ ಬರುತ್ತಿತ್ತು. ಇನ್ನೇನು ಸಾಕ್ಷಿ ಬೇಕು? ನಮ್ಮವರೇ ಎಂದುಕೊಂಡು ಬಟ್ಟಲು ಹಿಡಿದು ಬಾಗಿಲು ಬಡಿದೆ. ಕನ್ನಡದವರೋ, ತೆಲುಗಿನವರೋ ಎಂದು ಯೋಚಿಸುತ್ತ ನಿಂತಿದ್ದರೆ, ಬಾಗಿಲು ತೆಗೆದದ್ದು ಚೌಕಟ್ಟಿನಷ್ಟೇ ಎತ್ತರದ, ಹುಬ್ಬು ಕೂಡ ಬೆಳ್ಳಗಿದ್ದ, ಮೂವತ್ತು ದಾಟಿದ ಒಬ್ಬ ಬಿಳಿಯ. ಕಂಕುಳಲ್ಲಿ ಊರುಗೋಲು, ಬಲ ಮಂಡಿಗೆ ದಪ್ಪ ಪಟ್ಟಿ.

ಬಟ್ಟಲನ್ನು ಬಚ್ಚಿಟ್ಟುಕೊಳ್ಳುವ ಹಾಗಿರಲಿಲ್ಲ. ಹೇಗೋ ವಿಷಯ ಹೇಳಿದೆ. ಆತ ಬಟ್ಟಲು ತೆಗೆದುಕೊಂಡು ಒಳಗೆ ಹೋಗಿ, ಅದರ ತುಂಬ ಬೆಳ್ಳನೆಯ ಮೊಸರಿನಂಥದ್ದನ್ನು ತಂದುಕೊಟ್ಟ. ಫಿನ್ಲೆಂಡಿನದಂತೆ. ಅದರ ಹೆಪ್ಪನ್ನು ಮಿಶಿಗನ್ನಿನ ಉತ್ತರ ತುದಿಯಲ್ಲಿರುವ ಅವರ ದೇಶದ ಹಳೆಯ ಮನೆತನವೊಂದರಿಂದ ತಂದಿದ್ದನಂತೆ. ಬೂಟು ಕಳಚಿಯೇ ಮನೆಯೊಳಗೆ ಹೋಗುವುದು, ಹಬ್ಬದ ಬ್ರೆಡ್ಡಿಗೆ ಏಲಕ್ಕಿ ಹಾಕುವುದು, ಎಲ್ಲ ಅವರಲ್ಲೂ ಇದೆಯಂತೆ. ಬ್ರೆಡ್ಡಿನ ಒಂದು ತುಂಡನ್ನೂ ಕೈಗಿಟ್ಟ.

ಮರುದಿನ ಬೆಳಿಗ್ಗೆ ನನ್ನ ಗಂಡ ಚಮಚ ಎತ್ತಿ ಹಿಡಿದು ನಿಂತಿದ್ದರು. "ಇದೇನೇ ಇದು, ಮೊಸರು ಗೋಂದಿನ ಥರ ಎಳೀತಾ ಇದೆ!"

"ಸುಮ್ನೆ ತಿನ್ರೀ. ಫಾರಿನ್ ಮೊಸರು."

ಆತ ವೃತ್ತಿಪರ ಫುಟ್‌ಬಾಲ್ ಆಟಗಾರ ಎಂದು ಆಮೇಲೆ ತಿಳಿಯಿತು. ಇಲ್ಲಿನವರು ಸಾಕರ್ ಅನ್ನುತ್ತಾರಲ್ಲ, ಅದು. ಡಿಫೆಂಡರ್. ಹುಟ್ಟಿದ್ದು ಚಳಿಗಾಲದಲ್ಲಿ ಸಮುದ್ರವೇ ಹೆಪ್ಪುಗಟ್ಟುವ ಸಣ್ಣ ಊರಿನಲ್ಲಿ. ಸಲಿಕೆಯಲ್ಲಿ ಹಿಮ ಬಳಿದು ಮೈದಾನ ಮಾಡಿಕೊಂಡು ಆಡುತ್ತಿದ್ದರಂತೆ. ಅಲ್ಲಿಂದ ರಾಜಧಾನಿಯ ಕ್ಲಬ್ಬು, ಆಮೇಲೆ ನಾರ್ವೆಯಲ್ಲಿ ಬರೀ ಬೆಂಚು ಕಾಯ್ದ ಒಂದು ಸೀಸನ್ನು, ಆಮೇಲೆ ಡೆಟ್ರಾಯಿಟ್ ಕಡೆಯ ಈ ಕ್ಲಬ್ಬು. ಗೋಲು ಹೊಡೆದವರ ಫೋಟೊ ಪೇಪರಿನಲ್ಲಿ ಬರುತ್ತದೆ, ಹೊಡೆಯಲು ಬಿಡದವನನ್ನು ಯಾರು ಕೇಳುತ್ತಾರೆ? ಹಾಗೆಂದು ಆತ ದೂರಲಿಲ್ಲ. ತನ್ನ ಕೆಲಸದ ಬಗ್ಗೆ ಕೇಳಿದರೆ ಮಾತ್ರ ಒಂದಷ್ಟು ಹೇಳುತ್ತಿದ್ದ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. ಇಬ್ಬರಿಗೂ ಅದು ಎರವಲು ಭಾಷೆಯಾದ್ದರಿಂದ ಯಾರೂ ಯಾರನ್ನೂ ತಿದ್ದುತ್ತಿರಲಿಲ್ಲ.

ಹಗಲು ಹೊತ್ತು ಆ ಕಟ್ಟಡವೇ ಖಾಲಿ. ಎಲ್ಲರೂ ಕಾರು ಹತ್ತಿ ಆಫೀಸಿಗೆ ಹೋದರೆ ಉಳಿಯುತ್ತಿದ್ದದ್ದು ವೀಸಾದಿಂದ ಕೂತ ನಾನು, ಮಂಡಿಯಿಂದ ಕೂತ ಆತ. ಆತನ ವೀಸಾ ಕ್ಲಬ್ಬಿನ ಕಾಂಟ್ರಾಕ್ಟಿಗೆ ಅಂಟಿಕೊಂಡಿತ್ತು. ಸೀಸನ್ನಿನ ಕೊನೆಗೆ ಕಾಂಟ್ರಾಕ್ಟು ಮುಗಿಯುತ್ತದೆ, ಅಷ್ಟರೊಳಗೆ ಮೈದಾನಕ್ಕಿಳಿದು ತೋರಿಸದಿದ್ದರೆ ಗಂಟುಮೂಟೆ ಕಟ್ಟಬೇಕು. ಆ ವಯಸ್ಸಿನಲ್ಲಿ, ಆ ಮಂಡಿಯನ್ನು ಇಟ್ಟುಕೊಂಡು ಹೋದರೆ ಬೇರೆ ಯಾವ ಕ್ಲಬ್ಬೂ ಕರೆಯುವುದಿಲ್ಲ. ಇದನ್ನು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ವೀಸಾದ ಸಂಕಟ ನಮ್ಮವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು!

ಊರುಗೋಲು ಹೋಯಿತು, ಪಟ್ಟಿಯೂ ಹೋಯಿತು. ಕ್ಲಬ್ಬಿನ ಡಾಕ್ಟರು ಮಂಡಿ ಕೂಡಿದೆ ಎಂದರು. ಬೆಳಿಗ್ಗೆ ಅಲ್ಲಿ ಪ್ರಾಕ್ಟೀಸು ಮಾಡಿ, ಮಧ್ಯಾಹ್ನ ಕಟ್ಟಡದ ಹಿಂದಿನ ಹುಲ್ಲಿನ ಮೇಲೆ ಒಬ್ಬನೇ ಓಡುತ್ತಿದ್ದ. ನಾನು ಟೀ ಹಿಡಿದು ಬಾಲ್ಕನಿಯಲ್ಲಿ ನಿಲ್ಲುತ್ತಿದ್ದೆ. ಖೋ ಖೋದಲ್ಲಿ ಓಡುವವಳು ಮೊದಲು ಕಲಿಯುವುದೇ ಇದು: ಎದುರಿನವರ ಮುಖ ನೋಡಬಾರದು, ಸೊಂಟ ನೋಡಬೇಕು. ಯಾರು ಯಾವ ಕಡೆಗೆ ತಡವಾಗಿ ತಿರುಗುತ್ತಾರೆ ಎಂದು ಸೊಂಟವೇ ಹೇಳುತ್ತದೆ. ಬಲಕ್ಕೆ ತಿರುಗುವಾಗ ಆತ ರಾಜ. ಎಡಕ್ಕೆ ತಿರುಗಬೇಕಾದರೆ ಭಾರವೆಲ್ಲ ಬಲಗಾಲಿನ ಮೇಲೆ ಬೀಳುತ್ತದೆ, ಅಲ್ಲಿ ಮಾತ್ರ ಒಂದು ಪುಟ್ಟ ಹೆಜ್ಜೆ ಹೆಚ್ಚಿಗೆ ಹಾಕುತ್ತಿದ್ದ. ಮಂಡಿ ವಾಸಿಯಾಗಿತ್ತು, ಭಯ ವಾಸಿಯಾಗಿರಲಿಲ್ಲ.

ನನಗೆ ಸುಮ್ಮನಿರಲು ಬರುವುದಿಲ್ಲ. ಕೆಳಗಿಳಿದು ಹೇಳಿಯೇಬಿಟ್ಟೆ. "ನಿಮ್ಮ ಎಡಗಡೆ ಬಾಗಿಲು ತೆರೆದಿದೆ. ನಾನೇ ಎಷ್ಟು ಸಲ ಬೇಕಾದರೂ ದಾಟಿ ಹೋಗಬಲ್ಲೆ."

ಆತ ನನ್ನ ಚೂಡಿದಾರವನ್ನೂ ಕ್ಯಾನ್ವಾಸ್ ಶೂಗಳನ್ನೂ ನೋಡಿದ. "ಹೋಗಿ ನೋಡೋಣ" ಎಂದ. ಹೋದೆ. ಭುಜವನ್ನು ಒಂದು ಕಡೆ ತೋರಿಸಿ ಇನ್ನೊಂದು ಕಡೆಯಿಂದ ನುಸುಳಿ, ಆತನ ಹಿಂದಿದ್ದ ಮೇಪಲ್ ಮರ ಮುಟ್ಟಿ ನಿಂತೆ. ದುಪಟ್ಟಾ ಕೂಡ ಜಾರಲಿಲ್ಲ. ಆತ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. "ಇನ್ನೊಮ್ಮೆ" ಎಂದ.

ಮಾರನೆಯ ದಿನದಿಂದ ನಮ್ಮ ಆಟ ಶುರುವಾಯಿತು. ಖೋ ಖೋದಲ್ಲಿ ಬೆನ್ನಟ್ಟುವವರು ಒಮ್ಮೆ ಹಿಡಿದ ದಿಕ್ಕನ್ನು ಬಿಡುವ ಹಾಗಿಲ್ಲ, ಕಂಬ ಬರುವ ತನಕ ಹಿಂದೆ ತಿರುಗುವ ಹಾಗಿಲ್ಲ. ಅದರ ಮೇಲೆ ನನ್ನದೊಂದು ನಿಯಮ ಸೇರಿಸಿದೆ. ಕಂಬವನ್ನು ಎಡಗೈ ಪಕ್ಕಕ್ಕೆ ಇಟ್ಟುಕೊಂಡೇ ಸುತ್ತಬೇಕು. ಎಡಕ್ಕೆ ತಿರುಗದೆ ಬೇರೆ ದಾರಿಯೇ ಇರಬಾರದು. ನಡುವೆ ಕೂರುವವರ ಬದಲು ಲಾಂಡ್ರಿ ಬುಟ್ಟಿಗಳನ್ನು ಬೋರಲು ಹಾಕಿದೆ. ಒಂದು ಕಂಬಕ್ಕೆ ಮೇಪಲ್ ಮರ ಇತ್ತು. ಇನ್ನೊಂದಕ್ಕೆ ಏನೂ ಇರಲಿಲ್ಲ.

ಕೆಳಗಿನ ಮನೆಯಲ್ಲಿ ಹುಬ್ಬಳ್ಳಿಯ ಆಂಟಿಯೊಬ್ಬರು ಮಗನ ಸಂಸಾರದ ಜೊತೆ ಇದ್ದರು. ಕಿಟಕಿಯಿಂದ ಎಲ್ಲ ನೋಡುತ್ತಿದ್ದವರು ಒಂದು ದಿನ ಹೊರಗೇ ಬಂದರು. "ಏನ್ ನಡಸೀರಿ ಇದು? ಕಾಲ್ ನೋವೈತಿ ಅಂತೀರಿ, ಮತ್ತ ದಿನಾ ಆ ಮನಶ್ಯಾನ್ನ ಹಿಂಗ ಓಡಸ್ತೀರಲ್ಲ, ಪಾಪ!"

"ಆಂಟಿ, ನೀವೂ ಬನ್ನಿ. ನಮಗೆ ಒಂದು ಕಂಬ ಕಮ್ಮಿ ಇದೆ."

"ಕಂಬಾನ? ಹಂಗಾರ ಕುರ್ಚಿ ತರ್ರಿ, ಕುಂಡ್ರತೀನಿ."

ಅಂದಿನಿಂದ ಆಂಟಿ ನಮ್ಮ ಕಂಬ. ಶಾಲು ಹೊದ್ದು, ಶೇಂಗಾ ಬಿಡಿಸುತ್ತ ಕೂರುತ್ತಿದ್ದರು. ಆತ ಅವರ ಕುರ್ಚಿಯನ್ನು ಸುತ್ತುವಾಗ ತಡಮಾಡಿದರೆ ಒಂದು ಸಿಪ್ಪೆ ಎಸೆಯುತ್ತಿದ್ದರು. ಎಸೆಯುವ ಸಿಪ್ಪೆಗಳು ದಿನೇ ದಿನೇ ಕಡಿಮೆಯಾದವು...

ಶನಿವಾರಗಳಂದು ನನ್ನ ಗಂಡನನ್ನೂ ಎಳೆದುತಂದು ಬುಟ್ಟಿಯ ಜಾಗದಲ್ಲಿ ಕೂರಿಸಿದೆ. ಈಗ ಖೋ ಕೊಡುವುದನ್ನು ಕಲಿಸಬಹುದಾಗಿತ್ತು. ಓಡುವವಳು ಕೈಗೆ ಸಿಗುವುದಿಲ್ಲ ಅನ್ನಿಸಿದರೆ, ಅವಳಿಗೆ ಹತ್ತಿರ ಕೂತಿರುವವರ ಬೆನ್ನು ಮುಟ್ಟಿ ಖೋ ಅನ್ನಬೇಕು. ಅವರು ಎದ್ದು ಓಡುತ್ತಾರೆ, ಖೋ ಕೊಟ್ಟವರು ಆ ಜಾಗದಲ್ಲಿ ಕೂರಬೇಕು. ಆತ ಸರಿಯಾಗಿಯೇ ಖೋ ಕೊಟ್ಟ. ನನ್ನ ಗಂಡ ಏದುಸಿರು ಬಿಡುತ್ತ ಎದ್ದು ಓಡಿದರು. ಆದರೆ ಆತ ಮಾತ್ರ ಕೂರಲಿಲ್ಲ, ನಿಂತೇ ಇದ್ದ.

"ನಾನಿನ್ನೂ ಓಡಬಲ್ಲೆ. ಯಾಕೆ ಕೂರಬೇಕು?"

"ಕೊಟ್ಟ ಮೇಲೆ ಆಟ ಅವರದು. ಕೂರದಿದ್ದರೆ ಫೌಲ್."

ಆತ ಹುಲ್ಲಿನ ಮೇಲೆ ಮಂಡಿ ಮಡಿಸಿ ಕೂತ. ಆಮೇಲೆ ಮಂಡಿ ಮುರಿದ ದಿನದ ಕತೆ ಹೇಳಿದ. ಎದುರಾಳಿ ಚೆಂಡು ಹಿಡಿದು ನುಗ್ಗಿದಾಗ ಪಕ್ಕದ ಹುಡುಗ ಹತ್ತಿರವೇ ಇದ್ದನಂತೆ. ಅವನನ್ನು ನಂಬದೆ ತಾನೇ ಓಡಿ ಅಡ್ಡ ಬಿದ್ದನಂತೆ. "ಅವತ್ತು ನಾನು ಖೋ ಕೊಡಬೇಕಿತ್ತು" ಎಂದ. ಆ ಮಾತು ಕೇಳಿ ಆಂಟಿ ಶೇಂಗಾದ ಬಟ್ಟಲನ್ನೇ ಆತನ ಕೈಗೆ ಕೊಟ್ಟುಬಿಟ್ಟರು.

ಸೀಸನ್ನಿನ ಕೊನೆಯ ಪಂದ್ಯ ಶಿಕಾಗೋದ ಒಂದು ಸಬರ್ಬಿನಲ್ಲಿತ್ತು. ಆ ತನಕ ಆತನನ್ನು ಆಡಿಸಿಯೇ ಇರಲಿಲ್ಲ. ನಾನು, ನನ್ನ ಗಂಡ, ಆಂಟಿ ಮೂವರೂ ಕಾರಿನಲ್ಲಿ ಹೊರಟೆವು. ಆಂಟಿ ದಾರಿಗೆ ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಂಡಿದ್ದರು. ಮೊದಲರ್ಧ ಪೂರ್ತಿ ಆತ ಬೆಂಚಿನ ಮೇಲೆಯೇ ಇದ್ದ. ನಾನು ಪಂದ್ಯ ನೋಡಲಿಲ್ಲ, ಬೆಂಚು ನೋಡಿದೆ. ಎರಡನೆಯ ಅರ್ಧದಲ್ಲಿ ಅವರ ಡಿಫೆಂಡರ್ ಒಬ್ಬ ಕುಂಟುತ್ತ ಹೊರಗೆ ಬಂದಾಗ ಕೋಚು ನಮ್ಮ ಪಕ್ಕದ ಮನೆಯವನ ಕಡೆ ಕೈ ಮಾಡಿದರು.

ಮನೆಯಲ್ಲಿ ಮಾತನ್ನು ಅಳೆದು ಸುರಿಯುತ್ತಿದ್ದ ಮನುಷ್ಯ ಅಲ್ಲಿ ಬಾಯಿ ಮುಚ್ಚಲಿಲ್ಲ. ಹಿಂದೆ ನಿಂತವನಿಗೆ ಇಡೀ ಮೈದಾನ ಕಾಣುತ್ತದೆ, ಕಂಡದ್ದನ್ನು ಕೂಗಿ ಹೇಳುವುದೂ ಅವನ ಕೆಲಸ ಎಂದು ನನಗೆ ಅರ್ಥವಾದದ್ದು ಆಗ. ಎದುರು ತಂಡದಲ್ಲಿ ಚಿಗರೆಯಂಥ ಒಬ್ಬ ಹುಡುಗನಿದ್ದ. ಹೊಸಬ ಬಂದಿದ್ದಾನೆ, ಮಂಡಿ ಹಳೆಯದು ಎಂದು ತಿಳಿದು ನಮ್ಮವನ ಎಡಗಡೆಯಿಂದಲೇ ನುಗ್ಗಿದ. ನಾನು ಎದ್ದು ನಿಂತೆ. ನಮ್ಮವನು ಅಟ್ಟಿಸಿಕೊಂಡು ಹೋಗಲಿಲ್ಲ. ಪಕ್ಕದ ಡಿಫೆಂಡರಿಗೆ ಒಂದೇ ಶಬ್ದ ಕೂಗಿದ. ಅಷ್ಟು ಜನರ ಗದ್ದಲದಲ್ಲೂ ನಮಗೆ ಸ್ಪಷ್ಟವಾಗಿ ಕೇಳಿಸಿತು.

"ಖೋ!"

ಆ ಡಿಫೆಂಡರಿಗೆ ಪ್ರಾಕ್ಟೀಸಿನಲ್ಲೇ ಆ ಶಬ್ದ ಕಲಿಸಿದ್ದಿರಬೇಕು, ಬಾಣದ ಹಾಗೆ ಮುಂದೆ ನುಗ್ಗಿ ಅಡ್ಡ ನಿಂತ. ಚಿಗರೆ ಗಲಿಬಿಲಿಯಾಗಿ ಚೆಂಡನ್ನು ನಡುವಿಗೆ ಒದ್ದ. ಅದು ಎಲ್ಲಿ ಬೀಳುತ್ತದೆಯೋ ಅಲ್ಲಿಗೆ ನಮ್ಮವನು ಆಗಲೇ ತಿರುಗಿದ್ದ. ಎಡಕ್ಕೆ. ಹೆಚ್ಚಿನ ಹೆಜ್ಜೆ ಇಲ್ಲ, ಅನುಮಾನ ಇಲ್ಲ, ಭಾರವೆಲ್ಲ ಬಲ ಮಂಡಿಯ ಮೇಲೆ. ಚೆಂಡನ್ನು ಗ್ಯಾಲರಿಗೇ ಒದ್ದು ಕಳಿಸಿದ.

"ನನ್ನ ಕುರ್ಚಿ ಸುತ್ತಿದಂಗ ತಿರಗಿದ ನೋಡವಾ!" ಎಂದು ಆಂಟಿ ನನ್ನ ತೋಳು ಜಗ್ಗಿದರು. ನನ್ನ ಕಣ್ಣಲ್ಲಿ ನೀರು. ಮೈಸೂರಿನಲ್ಲಿ ಕಪ್ಪು ಗೆದ್ದಾಗಲೂ ನಾನು ಅತ್ತವಳಲ್ಲ.

ಎರಡು ವಾರ ಕಳೆದ ಮೇಲೆ ಬಾಗಿಲು ಬಡಿದ ಸದ್ದಾಯಿತು. ಕೈಯಲ್ಲಿ ಬಿಸಿ ಬ್ರೆಡ್ಡು ಹಿಡಿದು ನಿಂತಿದ್ದ. "ಇನ್ನೊಂದು ಸೀಸನ್" ಎಂದಷ್ಟೇ ಹೇಳಿದ. ಬೂಟು ಬಾಗಿಲಲ್ಲೇ ಬಿಟ್ಟು ಒಳಗೆ ಬಂದು, ಎಳೆಯುವ ಮೊಸರಿನಲ್ಲಿ ಕಲಸಿದ ಅನ್ನವನ್ನು ನಮ್ಮ ಜೊತೆ ಕೂತು ಉಂಡ.

ಆ ಸೀಸನ್ನು ಪೂರ್ತಿ ಆಡಿ, ಆಮೇಲೆ ತನ್ನಿಷ್ಟದಂತೆ ತನ್ನೂರಿಗೆ ಹೊರಟ. ಯಾರೂ ಕಳಿಸಿದ್ದಲ್ಲ. ಹುಟ್ಟೂರಿನ ಕ್ಲಬ್ಬಿನಲ್ಲಿ ಕೆಲವು ವರ್ಷ ಆಡಿ, ಅಲ್ಲೇ ಹೆಣ್ಣುಮಕ್ಕಳ ತಂಡಕ್ಕೆ ಕೋಚಾದ. ನಾವು ಅರೋರಾಕ್ಕೆ ಬಂದೆವು. ನನಗೆ ಕೆಲಸದ ಪರ್ಮಿಟ್ಟು ಸಿಕ್ಕಿತು, ಶಿಕಾಗೋದಲ್ಲಿ ಕೆಲಸವೂ ಸಿಕ್ಕಿತು. ಶನಿವಾರ ಇಲ್ಲಿನ ಪಾರ್ಕಿನಲ್ಲಿ ನಮ್ಮ ಹೆಂಗಸರನ್ನೆಲ್ಲ ಸೇರಿಸಿ ಖೋ ಖೋ ಶುರು ಮಾಡಿದೆ. ಆತನಿಂದ ಯುಗಾದಿಯ ಹೊತ್ತಿಗೆ ಹಿಮದ ಒಂದು ಫೋಟೊ ಬರುತ್ತಿತ್ತು, ಕೆಳಗೆ ಪ್ರತಿವರ್ಷ ಅದೇ ಸಾಲು: ಇನ್ನೂ ಎಡಕ್ಕೆ ತಿರುಗುತ್ತಿದ್ದೇನೆ...

ಹೋದ ವರ್ಷ ಫೋಟೊ ಬರಲಿಲ್ಲ. ಬದಲಿಗೆ ಆತನ ಅಕ್ಕ ವಿಡಿಯೋ ಕಾಲ್ ಮಾಡಿದರು. ಅದೇ ಬೆಳ್ಳನೆಯ ಹುಬ್ಬು. ಹೃದಯ ನಿಂತುಹೋಯಿತಂತೆ, ಇನ್ನೂ ಐವತ್ತಾಗಿರಲಿಲ್ಲ. ಎಡಕ್ಕೆ ತಿರುಗಲು ಕಲಿಸಿದ ಪಕ್ಕದ ಮನೆಯವಳಿಗೆ ತಿಳಿಸಬೇಕು ಅನ್ನಿಸಿತು ಎಂದರು. ನಾನು ಫೋನು ಹಿಡಿದೇ ಅತ್ತೆ, ಮುಚ್ಚಿಕೊಳ್ಳಲಿಲ್ಲ. ಆಮೇಲೆ ಅವರು ಒಂದು ವಿಷಯ ಕೇಳಬೇಕು ಎಂದು ಕ್ಯಾಮೆರಾವನ್ನು ಮೈದಾನದ ಕಡೆ ತಿರುಗಿಸಿದರು. ಅಂಚಿನಲ್ಲಿ ಹಿಮದ ಗುಡ್ಡೆ, ನಡುವೆ ಹೆಣ್ಣುಮಕ್ಕಳ ಆಟ. ಕೆಂಪು ಟೋಪಿಯ ಒಬ್ಬಳು ಎದುರಾಳಿಯನ್ನು ಬಿಟ್ಟು, ಪಕ್ಕದವಳಿಗೆ ಕೂಗಿ, ತಾನು ಹಿಂದಕ್ಕೆ ಸರಿದಳು. ಇನ್ನೊಬ್ಬಳೂ ಹಾಗೆಯೇ ಕೂಗಿದಳು. ಖೋ, ಖೋ...

"ಇದು ಯಾವ ಭಾಷೆ?" ಎಂದು ಅಕ್ಕ ಕೇಳಿದರು. "ಮಕ್ಕಳಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ."

ನಮ್ಮೂರಿನದು ಎಂದೆ. ಮಕ್ಕಳು ಆ ಶಬ್ದವನ್ನು ತುಂಬ ಎಳೆಯುತ್ತಾರೆ, ಚಿಕ್ಕದಾಗಿ ಕೂಗಬೇಕು ಎಂದೂ ಹೇಳಿದೆ.

ಬೇಕರಿಯಿಂದ ಬಂದು ಮುಂದಿನ ಟ್ರೇನು ಹತ್ತಿ ಅರೋರಾಕ್ಕೆ ಬರುವ ಹೊತ್ತಿಗೆ ಬೋಗಿಯೆಲ್ಲ ಏಲಕ್ಕಿ. ಮನೆಯಲ್ಲಿ ಬ್ರೆಡ್ಡು ಕೊಯ್ದರೆ ಮಗಳು ಮೂಸಿ ನೋಡಿ, "ಸ್ಮೆಲ್ಸ್ ಲೈಕ್ ಪಾಯಸ, ಅಮ್ಮ" ಎಂದಳು. ಆತ ಇಷ್ಟಪಟ್ಟು ತಿನ್ನುತ್ತಿದ್ದ ತುದಿಯ ಗಟ್ಟಿ ತುಂಡನ್ನು ನಾನು ತೆಗೆದುಕೊಂಡೆ. ಉಳಿದದ್ದು ನಾಳೆ ಪಾರ್ಕಿಗೆ, ನಮ್ಮ ಹೆಂಗಸರಿಗೆ. ಖೋ ಕೊಟ್ಟವರು ಕೂರಬೇಕು, ಆ ನಿಯಮ ಕಲಿಸಿದವಳು ನಾನೇ, ತಕರಾರು ಮಾಡುವ ಹಾಗಿಲ್ಲ. ಆದರೂ ಅಂದು ಅಷ್ಟು ವಾದ ಮಾಡಿದ ಮನುಷ್ಯ ಇಷ್ಟು ಬೇಗ ಕೂತುಬಿಟ್ಟನಲ್ಲ ಎಂದು ನನಗಿನ್ನೂ ಸಿಟ್ಟಿದೆ.