ವಿಮಾನ ಹತ್ತಿದ ಅರುಂಧತಿ

ಇವತ್ತು ಹಲಸೂರಿನ ಛತ್ರದಲ್ಲಿ ಮೊಮ್ಮಗಳ ಮದುವೆ. ಮಟಮಟ ಮಧ್ಯಾಹ್ನ ಪುರೋಹಿತರು ಅರುಂಧತಿ ನಕ್ಷತ್ರ ತೋರಿಸಿದರು. ಎಲ್ಲರೂ ಕಂಡಿತು ಅಂದರು, ವಿಡಿಯೋದವನೂ ಬಿಸಿಲಿಗೇ ಕ್ಯಾಮೆರಾ ಎತ್ತಿದ. ನನಗೆ ನಗು ತಡೆಯಲಾಗಲಿಲ್ಲ.

ನಾನು ಚಿಕ್ಕವಳಿದ್ದಾಗ ದೊಮ್ಮಲೂರು ಇನ್ನೂ ಹಳ್ಳಿ. ಅಕ್ಕನನ್ನು ನೋಡೋಕೆ ಬಂದ ಹುಡುಗನ ತಾಯಿ, ಕತ್ತಲಾಗುತ್ತಿದ್ದಂತೆ ನಮ್ಮ ರಾಗಿ ಕಣದಲ್ಲಿ ನಿಂತು, "ಕಣ್ಣು ನೆಟ್ಟಗಿದ್ರೆ ಅರುಂಧತಿ ತೋರ್ಸಮ್ಮ" ಅಂದರು. ತಪ್ಪಿದರೆ ಸಂಬಂಧ ಮುರಿದಂತೆ. ಅಕ್ಕ ವಸಿಷ್ಠನ ಪಕ್ಕದ ಮಸುಕು ಚುಕ್ಕಿಯನ್ನು ಥಟ್ಟನೆ ತೋರಿಸಿದಳು.

ನಮ್ಮಜ್ಜಿ ಬಿಡ್ತಾಳಾ? "ಈಗ ನಿಮ್ಮ ಮಗ ತೋರಿಸ್ಲಿ" ಅಂದಳು. ಹುಡುಗ ಕಣ್ಣು ಕಿರಿದು ಮಾಡಿ ಬೆರಳೆತ್ತಿದ.

"ಅಯ್ಯೋ, ನಿನ್ನ ಅರುಂಧತಿ ಹೊರಟೇ ಹೋದ್ಲಲ್ಲಪ್ಪಾ!" ಅಂದಳು ಅಜ್ಜಿ.

ಅವನು ತೋರಿಸಿದ್ದು ವಿಮಾನದ ದೀಪ. ತಾಯಿಯ ಮುಖ ಇಂಗು ತಿಂದ ಮಂಗನ ಹಾಗಾಯಿತು. ಅಕ್ಕ ಮಾತ್ರ ಅಜ್ಜಿಯ ಬೆನ್ನ ಹಿಂದೆ ನಿಂತು, "ಕನ್ನಡಕ ಹಾಕ್ಸಿದ್ರಾಯ್ತು ಬಿಡಜ್ಜಿ, ನಂಗೆ ಒಪ್ಗೆ" ಅಂದಳು.

ಇವತ್ತು ಛತ್ರದಲ್ಲಿ ಊಟಕ್ಕೆ ಕೂತಾಗ ವಿಜ್ಞಾನ ಓದಿದ ಮದುಮಗಳು ಹೇಳಿದಳು: ಆ ಚುಕ್ಕಿ ಸೂರ್ಯನಿಗಿಂತ ಬಿಸಿಯಂತೆ, ಬೆಳಕೂ ಜಾಸ್ತಿಯಂತೆ, ತುಂಬಾ ದೂರ ಇರೋದಕ್ಕೆ ಮಂಕಾಗಿ ಕಾಣೋದಂತೆ.

ದಪ್ಪ ಕನ್ನಡಕದ ಭಾವ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ ಅಕ್ಕನನ್ನು ನೋಡಿದರು. "ಬಿಸಿ ನಂಗೊತ್ತಮ್ಮ. ಪಕ್ಕದಲ್ಲೇ ಕೂತಿದೀನಲ್ಲ!"