ಹಾಯಿ ಹೊಲಿಯುವ ದಾರ

ಹಿತ್ತಲ ಕಟ್ಟೆಯ ಮೇಲೆ ಗೋಣಿಚೀಲ ಹಾಸಿಕೊಂಡು ಹುಣಸೆಹಣ್ಣು ಬಡಿದು ಬೀಜ ತೆಗೆಯುತ್ತಾ ಕೂತಿದ್ದೆ. ನಮ್ಮ ಯಜಮಾನರು ಹನ್ನೆರಡು ಗಂಟೆಗೇ ಅಂಗಡಿ ಬಿಟ್ಟು ಬಂದು ಎದುರಿಗೆ ನಿಂತರು. ಹಿರಿಯೂರಿನಲ್ಲಿ ಪೈಪು, ಮೋಟಾರಿನ ಅಂಗಡಿ ಇಟ್ಟ ಮೂವತ್ತು ವರ್ಷದಲ್ಲಿ ಅವರು ಆ ಹೊತ್ತಿನಲ್ಲಿ ಮನೆಗೆ ಬಂದದ್ದು ಎರಡೇ ಸಲ. ಎರಡು ಸಲವೂ ಯಾರೋ ತೀರಿಕೊಂಡಿದ್ದರು.

"ಯಾರು ಹೋದ್ರು?" ಎಂದೆ.

"ಯಾರೂ ಹೋಗಿಲ್ಲ ಕಣೇ. ನಾವಿಬ್ರೇ ಹೋಗಾಣ. ಪೈಪು ಕಂಪನಿಯೋರು ಡೀಲರುಗಳನ್ನ ಹೆಂಡ್ತೀರ ಸಮೇತ ಟರ್ಕಿಗೆ ಕರ್ಕಂಡ್ ಹೋಗ್ತಾರಂತೆ. ಹಾಯಿ ಹಡಗಿನಾಗೆ ನಾಲ್ಕು ದಿನ ಸಮುದ್ರದ ದಂಡೆ ಸುತ್ತಾದು."

"ಮಾರಿಕಣಿವೆ ಡ್ಯಾಮಿನ ನೀರು ಬಗ್ಗಿ ನೋಡಿದ್ರೇ ನಿಮಗೆ ತಲೆ ತಿರುಗ್ತೈತೆ."

"ಅದಕ್ಕೇ ನಿನ್ನ ಕರ್ಕಂಡ್ ಹೋಗ್ತಿರಾದು. ನಿನ್ನ ಸೆರಗು ಹಿಡ್ಕಂಡ್ ಕುಂತಿರ್ತೀನಿ."

ಹೊರಡುವ ವಾರವೆಲ್ಲ ಗಡಿಬಿಡಿಯೇ. ಹುರಿಹಿಟ್ಟು, ಶೇಂಗಾ ಚಟ್ನಿಪುಡಿ, ಅವರ ಸಕ್ಕರೆ ಕಾಯಿಲೆ ಮಾತ್ರೆ, ವಿಭೂತಿ ಗಟ್ಟಿ, ಒಣಗಿದ ಬಿಲ್ವಪತ್ರೆ, ಎಲ್ಲ ನೆನಪಿಟ್ಟು ಕಟ್ಟಿದೆ. ಮರೆತದ್ದು ಒಂದೇ. ಕೊರಳಿನ ಶಿವದಾರ ಸವೆದು ಎಳೆ ಬಿಟ್ಟಿತ್ತು. ಈ ಸೋಮವಾರ ಬದಲಾಯಿಸೋಣ, ಬರೋ ಸೋಮವಾರ ಬದಲಾಯಿಸೋಣ ಎಂದುಕೊಂಡು ಹಾಗೇ ವಿಮಾನ ಹತ್ತಿಬಿಟ್ಟೆ. ಅದರ ತುದಿಯ ಬೆಳ್ಳಿ ಕರಡಿಗೆಯಲ್ಲಿದ್ದದ್ದು ನಾನು ಹುಟ್ಟಿದಾಗ ನಮ್ಮ ಅಜ್ಜಿ ಕಟ್ಟಿಸಿದ ಲಿಂಗ. ಸ್ನಾನಕ್ಕಾಗಲಿ, ಹೆರಿಗೆಗಾಗಲಿ, ಅದು ಮೈಮೇಲಿಂದ ಇಳಿದದ್ದಿಲ್ಲ. ಲಿಂಗ ಮೈಮೇಲಿಲ್ಲದೆ ಗುಟುಕು ನೀರೂ ಕುಡಿಯಬಾರದು ಎಂದು ಅವ್ವ ಹೇಳಿಕೊಟ್ಟಿದ್ದಳು.

ಹಡಗು ಎಂದರೆ ಊರಿನಷ್ಟು ದೊಡ್ಡದೇನಲ್ಲ, ಮರದ್ದು, ಆರು ಜೋಡಿಗೆ ಆರು ಕೋಣೆ. ಗಾಳಿ ಇದ್ದರೆ ಹಾಯಿ ಬಿಚ್ಚುತ್ತಿದ್ದರು. ಆಗ ಎಂಜಿನ್ನಿನ ಸದ್ದು ನಿಂತು, ಎತ್ತಿನ ಗಾಡಿಗಿಂತಲೂ ನಿಧಾನವಾಗಿ ಹೋಗುತ್ತಿತ್ತು. ದಂಡೆಯುದ್ದಕ್ಕೂ ಬೋಳು ಬಂಡೆಯ ಗುಡ್ಡ, ಮೇಲೆ ಮೇಕೆಗಳು. "ನಮ್ಮ ದುರ್ಗದ ಗುಡ್ಡಾನೇ ತಂದು ನೀರಾಗೆ ನಿಲ್ಸವ್ರೆ," ಎಂದರು ಯಜಮಾನರು. ಮದುವೆಯಾದಾಗಿನಿಂದ ಅವರು ಇಡೀ ಮಧ್ಯಾಹ್ನ ನನ್ನ ಪಕ್ಕ ಸುಮ್ಮನೆ ಕೂತದ್ದು ಅಲ್ಲೇ ಮೊದಲು. ನಿಜವಾಗಿಯೂ ಸೆರಗು ಹಿಡಿದುಕೊಂಡೇ ಕೂತಿದ್ದರು. ಊಟಕ್ಕೆ ರೊಟ್ಟಿ, ಸೌತೆಕಾಯಿ ಜೊತೆಗೆ ಗಟ್ಟಿ ಮೊಸರೂ ಇತ್ತು. ಪರದೇಶದಲ್ಲಿ ಮೊಸರು ಸಿಕ್ಕಿತಲ್ಲ, ಅದೂ ಶಿವನ ದಯೆಯೇ.

ಪಕ್ಕದ ಕೋಣೆಯಲ್ಲಿ ಚಿತ್ರದುರ್ಗದ ಹಾರ್ಡ್‌ವೇರ್ ಅಂಗಡಿಯ ಮುಸ್ಲಿಂ ದಂಪತಿ ಇದ್ದರು. ಆ ಹೆಣ್ಣುಮಗಳೂ ನಾನೂ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಏಳುತ್ತಿದ್ದೆವು. ಲಂಗರು ಹಾಕಿದ ಹಡಗು ರಾತ್ರಿಯೆಲ್ಲ ನಿಂತಲ್ಲೇ ದಿಕ್ಕು ತಿರುಗಿರುತ್ತಿತ್ತು. ಅವಳಿಗೆ ನಮಾಜಿಗೆ ಮಕ್ಕಾ ಯಾವ ಕಡೆ ಎಂದು ಗೊತ್ತಾಗಬೇಕು, ನನಗೆ ಪೂಜೆಗೆ ಮೂಡಣ ಯಾವುದು ಎಂದು. ಹಡಗಿನ ಮುದುಕ ನಾವಿಕನೊಬ್ಬ ಒಂದೇ ದಿಕ್ಸೂಚಿ ಹಿಡಿದು ಇಬ್ಬರಿಗೂ ಕೈ ತೋರಿಸುತ್ತಿದ್ದ. "ಅಕ್ಕಾ, ಪಾಪ, ನಮ್ಮಿಂದ ಇವ್ನಿಗೆ ನಿದ್ದೇನೇ ಇಲ್ಲ," ಎಂದು ಅವಳು ಬಾಯಿಗೆ ದುಪಟ್ಟಾ ಅಡ್ಡ ಇಟ್ಟು ನಗುತ್ತಿದ್ದಳು.

ಮೂರನೇ ದಿನ ಎಲ್ಲರಿಗೂ ಲೈಫ್ ಜಾಕೆಟ್ಟು ತೊಡಿಸಿ ಸಣ್ಣ ದೋಣಿಯಲ್ಲಿ ದಂಡೆಗೆ ಕರೆದೊಯ್ದರು. ತಿರುಗಿ ಬಂದು, ಜಾಕೆಟ್ಟುಗಳನ್ನು ತಲೆಯ ಮೇಲಿಂದ ಎಳೆದು ಪೆಟ್ಟಿಗೆಗೆ ಹಾಕಿ ಊಟಕ್ಕೆ ಕೂತೆವು. ಯಜಮಾನರು ಆಗಲೇ ಮಾತ್ರೆ ನುಂಗಿದ್ದರು. ನಾನು ಉಣ್ಣುವ ಮುಂಚೆ ಕಣ್ಣು ಮುಚ್ಚಿ ಎದೆಗೆ ಕೈ ಇಟ್ಟೆ. ಕೈಗೆ ಬರೀ ಸೀರೆ ಸಿಕ್ಕಿತು. ಕರಡಿಗೆಯಿಲ್ಲ.

ಸೆರಗು ಕೊಡವಿದೆ, ಕೋಣೆಗೆ ಓಡಿದೆ, ಮೆಟ್ಟಿಲು ತಡವಿದೆ. ಎಲ್ಲೂ ಇಲ್ಲ. ದೋಣಿ ಹತ್ತುವಾಗ ಬಗ್ಗಿದ್ದೆನಲ್ಲ, ಆಗಲೇ ನೀರಿಗೆ ಬಿತ್ತೇನೋ. ಕಟಕಟೆ ಹಿಡಿದು ಆ ನೀಲಿ ನೀರು ನೋಡುತ್ತಾ ನಿಂತುಬಿಟ್ಟೆ.

"ಬಾರೇ, ಒಂದ್ ತುತ್ತು ಉಣ್ಣು. ಆಮೇಲೆ ಹುಡುಕಾಣ," ಎಂದರು ಅವರು.

"ಸಿಗೋವರ್ಗೂ ನನಗೆ ನೀರೂ ಬೇಡ. ನೀವ್ ಉಣ್ರಿ."

"ನೀನು ಒಲ್ಲೆ ಅಂದ್ರೆ ನಾನೂ ಒಲ್ಲೆ."

"ಮಾತ್ರೆ ನುಂಗಿದೀರ. ಹಟ ಮಾಡ್ಬ್ಯಾಡ್ರಿ."

"ಹಟ ನಿಂದೋ ನಂದೋ?" ಎಂದು ತಟ್ಟೆ ಸರಿಸಿ, ಮೊಣಕಾಲೂರಿ ಹಲಗೆಗಳ ಸಂದಿಯಲ್ಲಿ ಹುಡುಕತೊಡಗಿದರು. ನೀರು ಕಂಡರೆ ಹೆದರುವ ಮನುಷ್ಯ ಅಂಚಿನವರೆಗೂ ತೆವಳಿಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಎದ್ದು ನಿಂತವರು ಕಂಬ ಹಿಡಿದುಕೊಂಡರು. ಹಣೆಯಲ್ಲಿ ಬೆವರು, ಬೆರಳು ನಡುಗುತ್ತಿದ್ದವು. ಆ ನಡುಕ ನನಗೆ ಹೊಸದಲ್ಲ. ಮನೆಯಲ್ಲೂ ಮಾತ್ರೆ ನುಂಗಿ ಊಟ ತಡವಾದ ದಿನ ಸಕ್ಕರೆ ಇಳಿದು ಹೀಗಾದದ್ದು ನೋಡಿದ್ದೆ.

ಅವ್ವನ ಮಾತು ಕಿವಿಯಲ್ಲೇ ಇತ್ತು. ಆದರೂ ರೊಟ್ಟಿ ಮುರಿದು ಮೊಸರಿಗೆ ಅದ್ದಿದೆ. ಮೊದಲ ತುತ್ತು ನಾನೇ ಬಾಯಿಗಿಟ್ಟುಕೊಂಡೆ. ಇಲ್ಲದಿದ್ದರೆ ಆ ಹಟಮಾರಿ ಬಾಯಿ ತೆರೆಯುತ್ತಿರಲಿಲ್ಲ. ಎರಡನೆಯದು ಅವರ ಬಾಯಿಗೆ ಕೊಟ್ಟೆ. ಶಿವನೇ, ತಪ್ಪಾಗಿದ್ದರೆ ನನ್ನ ಮೇಲಿರಲಿ, ಇವರನ್ನು ಮಾತ್ರ ಕಾಯಿ ಎಂದುಕೊಂಡೆ. ಅವರು ಕಣ್ಣು ಅಗಲಿಸಿ ನನ್ನನ್ನೇ ನೋಡುತ್ತಾ ಅಗಿದರು. ಚಹಾಕ್ಕೆ ಇಟ್ಟಿದ್ದ ಸಕ್ಕರೆಯನ್ನೂ ಬಾಯಿಗೆ ಹಾಕಿ ಕೂರಿಸಿದೆ.

ಅವರಿಗೆ ಬೆವರು ಆರುವ ಹೊತ್ತಿಗೆ ಆ ಕಡೆಯಿಂದ "ಅಕ್ಕಾ!" ಎಂದು ಕೂಗು. ದುರ್ಗದ ಹೆಣ್ಣುಮಗಳು ಪೆಟ್ಟಿಗೆಯ ಜಾಕೆಟ್ಟುಗಳನ್ನೆಲ್ಲ ಒಂದೊಂದೇ ಈಚೆ ತೆಗೆದಿದ್ದಳು. ಒಂದನ್ನು ಎರಡೂ ಅಂಗೈ ಮೇಲೆ ಕೂಸಿನ ಹಾಗೆ ಹೊತ್ತು ತಂದಳು. ಅದರ ಕೊರಳಿನ ಕೊಂಡಿಗೆ ಹರಿದ ಶಿವದಾರ ಸಿಕ್ಕಿಕೊಂಡು, ಕರಡಿಗೆ ಒಳಗಡೆ ಜೋತಾಡುತ್ತಿತ್ತು.

"ನಾನು ಮುಟ್ಟಿಲ್ಲ ಅಕ್ಕಾ. ಹಂಗೇ ತಂದೀನಿ."

"ನೀನೇ ಬಿಡಿಸಿ ಕೊಡವ್ವ," ಎಂದೆ. ಅವಳು ದುಪಟ್ಟಾಕ್ಕೆ ಕೈ ಒರೆಸಿಕೊಂಡು, ಬಿಸ್ಮಿಲ್ಲಾ ಎಂದು, ಎಳೆ ಬಿಡಿಸಿ ನನ್ನ ಅಂಗೈಯಲ್ಲಿಟ್ಟಳು. ಆಗ ಬಂತು ನೋಡಿ ನನಗೆ ಅಳು.

ಮುದುಕ ನಾವಿಕ ಏನೂ ಕೇಳದೆ ಹಾಯಿ ಹೊಲಿಯುವ ದಾರದ ಉಂಡೆ ತಂದುಕೊಟ್ಟ. ಮೇಣ ಹಚ್ಚಿದ ಬಿಳಿ ದಾರ, ಹಲ್ಲಿಗೂ ಹರಿಯದ್ದು. ಯಜಮಾನರೇ ಕರಡಿಗೆಗೆ ಪೋಣಿಸಿ ನನ್ನ ಕೊರಳಿಗೆ ಕಟ್ಟಿದರು. "ತಾಳಿ ಕಟ್ಟೋವಾಗ್ಲೂ ಇಷ್ಟು ಬಿಗೀ ಗಂಟು ಹಾಕಿರ್ಲಿಲ್ಲ," ಎಂದೆ. "ಅವಾಗ ನೀನು ಇಷ್ಟು ಹೆದರ್ಸಿರ್ಲಿಲ್ಲ," ಎಂದರು.

ಊರಿಗೆ ಬಂದ ಮೇಲೆ ಮಠದ ಅಯ್ಯನೋರ ಮುಂದೆ ಎಲ್ಲ ಹೇಳಿ, ಉಂಡದ್ದಕ್ಕೆ ತಪ್ಪೊಪ್ಪಿಕೊಂಡೆ. ಅವರು ಕೇಳಿದ್ದು ಒಂದೇ ಮಾತು: "ಯಜಮಾನ್ರು ಈಗ ಹುಷಾರಾಗವ್ರಾ?" ಹೂಂ ಎಂದೆ. "ಮತ್ತೆ ಇನ್ನೇನವ್ವ, ಹೋಗು," ಎಂದರು. ಹಾಯಿಯ ದಾರ ಬದಲಾಯಿಸಬೇಕೇ ಎಂದು ಕೇಳುವುದನ್ನು ಬೇಕೆಂದೇ ಮರೆತೆ.

ಮನೆಗೆ ಬಂದು ಮಾಳಿಗೆ ಹತ್ತಿದೆ. ಹೊರಡುವಾಗ ನಾನು ಒಪ್ಪಿಸಿ ಹೋಗಿದ್ದ ಮೆಣಸಿನಕಾಯಿಯನ್ನು ಪಕ್ಕದ ಮನೆಯವರು ದಿನವೂ ಬಿಸಿಲಿಗೆ ಹರವಿ ಗರಿಗರಿಯಾಗಿ ಒಣಗಿಸಿಟ್ಟಿದ್ದರು. ಮೊರ ತಂದುಕೊಂಡು, ನೆರಳಲ್ಲಿ ಕೂತು, ತೊಟ್ಟು ಮುರಿಯತೊಡಗಿದೆ.