ಎಂಟು ಇಂಚು ಅರವತ್ತು ಸೆಂಟ್

ಅಪ್ಪ ತೀರಿಕೊಂಡ ಮೇಲೆ ಅಮೃತಾಳಿಗೆ ಬೆಳಗಿನ ಜಾವ ಒಂದೇ ಕನಸು. ಅಂಗಳದ ತುಂಬ ಮಂಜು. ಅದರೊಳಗೆ ಅಪ್ಪ ಕುಕ್ಕರಗಾಲಲ್ಲಿ ಕೂತು ಮಳೆಮಾಪಕದ ನೀರನ್ನು ಅಳತೆಯ ಗ್ಲಾಸಿಗೆ ಹೊಯ್ಯುತ್ತಿರುತ್ತಾರೆ. ಒಂದು ಗ್ಲಾಸು ತುಂಬುತ್ತದೆ, ಚೆಲ್ಲುತ್ತಾರೆ. ಎರಡನೆಯದು, ಮೂರನೆಯದು. ಎಂಟರವರೆಗೆ ಅವಳೂ ಜೊತೆಗೆ ಎಣಿಸುತ್ತಾಳೆ. ಒಂಬತ್ತನೆಯದು ಅರ್ಧಕ್ಕೆ ಬರುವಾಗ ಎಚ್ಚರವಾಗುತ್ತದೆ. ಕಿಟಕಿಯಾಚೆ ನಿಜಕ್ಕೂ ಮಂಜು ಇರುತ್ತದೆ. ಕನಸು ಎಲ್ಲಿ ಮುಗಿದು ಅಂಗಳ ಎಲ್ಲಿ ಶುರುವಾಯಿತೆಂದು ತಿಳಿಯದೆ ಅವಳು ಸುಮ್ಮನೆ ಹಾಸಿಗೆಯ ಮೇಲೆ ಕೂತಿರುತ್ತಾಳೆ.

ಕೊಡಗಿನವರಿಗೆ ಮಳೆ ಅಳೆಯುವ ಹುಚ್ಚು. ತೋಟ ಇದ್ದವರ ಮನೆಯಲ್ಲಿ ದೇವರ ಪಟ ಇರುವಷ್ಟೇ ಖಾಯಂ ಆಗಿ ಮಳೆಮಾಪಕವೂ ಇರುತ್ತದೆ. ನೂರು ಸೆಂಟಿಗೆ ಒಂದು ಇಂಚು, ಅಳತೆಯ ಗ್ಲಾಸು ಒಮ್ಮೆ ತುಂಬಿದರೆ ಒಂದು ಇಂಚು; ಮಕ್ಕಳಿಗೂ ಬಾಯಿಪಾಠ. ಮಾರ್ಚಿನಲ್ಲಿ ಕಾಫಿ ಗಿಡ ಅರಳಿಸುವ ಹೂಮಳೆ ಬಿತ್ತೋ, ಫೋನೆತ್ತಿದವರು ಕ್ಷೇಮಸಮಾಚಾರಕ್ಕೂ ಮೊದಲು ಕೇಳುವುದು "ನಿಮ್ಮಲ್ಲಿ ಎಷ್ಟು ಸೆಂಟ್?" ಎಂದು. ಬೇರೆಲ್ಲ ವಿಷಯದಲ್ಲೂ ಸತ್ಯವಂತರಾದ ದೊಡ್ಡ ಮನುಷ್ಯರು ಇಲ್ಲಿ ಮಾತ್ರ ನಾಚಿಕೆಯಿಲ್ಲದೆ ರೈಲು ಬಿಡುತ್ತಾರೆ. ಮೂವತ್ತು ಸೆಂಟು ಫೋನಿನ ಆ ತುದಿ ಮುಟ್ಟುವಷ್ಟರಲ್ಲಿ ಎಪ್ಪತ್ತಾಗಿರುತ್ತದೆ.

ಅಮೃತಾಳ ಅಪ್ಪ, ಮಾದಾಪುರದ ಕರಿಬಸಪ್ಪ, ಹಾಗೆ ಮಾಡಿದವರಲ್ಲ. ಹಿಂದೆ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು, ಆಮೇಲೆ ತಮ್ಮದೇ ನಾಲ್ಕು ಎಕರೆ ನೋಡಿಕೊಂಡಿದ್ದರು. ಬೆಳಿಗ್ಗೆ ಸರಿಯಾಗಿ ಎಂಟಕ್ಕೆ ಮಳೆ ಅಳೆದು, ಡೈರಿಯಲ್ಲಿ ಬರೆದು, ಬಸ್ ತಂಗುದಾಣಕ್ಕೆ ನಡೆದು ಹೋಗಿ, ಅಲ್ಲಿ ತಾವೇ ತೂಗುಹಾಕಿದ್ದ ಹಳೇ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಆ ದಿನದ ಲೆಕ್ಕ ಬರೆಯುತ್ತಿದ್ದರು. ಬರೆಯೆಂದು ಯಾರೂ ಹೇಳಿರಲಿಲ್ಲ. ಹೊಳೆ ದಾಟುವವರಿಗೆ, ಗೊಬ್ಬರ ಹಾಕುವವರಿಗೆ, ಮಕ್ಕಳನ್ನು ಶಾಲೆಗೆ ಕಳಿಸುವವರಿಗೆ ಉಪಯೋಗವಾಗಲಿ ಎಂದಷ್ಟೇ. ಎಸ್ಟೇಟಿನ ಲೈನ್ ಮನೆಗಳ ಕೂಲಿಯವರ ಪಿಂಚಣಿ ಅರ್ಜಿ ತುಂಬುವುದು, ಬಸುರಿಯರನ್ನು ಮಡಿಕೇರಿ ಆಸ್ಪತ್ರೆಗೆ ಕರೆದೊಯ್ಯುವುದು, ಎಲ್ಲವೂ ಆ ಹಲಗೆಯ ಕೆಳಗೇ ಶುರುವಾಗುತ್ತಿತ್ತು.

ಅಮೃತಾಳಿಗೆ ನಾಲ್ಕು ವರ್ಷವಾಗಿದ್ದಾಗ ಅವಳವ್ವ ತೀರಿಕೊಂಡಳು. ಅಪ್ಪ ಮಗಳಿಗೆ ಅಂಕಿ ಕಲಿಸಿದ್ದು ಆ ಗ್ಲಾಸಿನ ಗೆರೆಗಳ ಮೇಲೆ. ಜಡೆ ಹಾಕುವುದು ಅಷ್ಟು ಸಲೀಸಾಗಲಿಲ್ಲ. ಕರಿಬಸಪ್ಪನವರಿಗೆ ಗೊತ್ತಿದ್ದದ್ದು ಮೆಣಸಿನ ಬಳ್ಳಿಯನ್ನು ಮರಕ್ಕೆ ಬಿಗಿಯುವ ಗಂಟೊಂದೇ. ರಿಬ್ಬನ್ನಿಗೂ ಅದೇ ಬಿತ್ತು. ಶಾಲೆಯಲ್ಲಿ ಸಂಜೆಯವರೆಗೂ ಜಡೆ ಬಿಚ್ಚುತ್ತಿರಲಿಲ್ಲ, ಮನೆಗೆ ಬಂದ ಮೇಲೂ ಬಿಚ್ಚುತ್ತಿರಲಿಲ್ಲ. ಪಕ್ಕದ ಎಸ್ಟೇಟಿನ ಬಂಗಲೆಯಲ್ಲಿ ಕೆಲಸಕ್ಕಿದ್ದ ಕಾಳಮ್ಮ ಬಂದು, ಬೈದುಕೊಂಡು ಬಿಡಿಸಬೇಕಿತ್ತು. ಅಪ್ಪ ತಪ್ಪು ಮಾಡಿದ ಹುಡುಗನ ಹಾಗೆ ಪಕ್ಕದಲ್ಲಿ ನಿಂತು ನೋಡುತ್ತಿದ್ದರು.

ಈಗ ಅಮೃತಾ ಸೋಮವಾರಪೇಟೆಯಲ್ಲಿ ಟೀಚರು, ದಿನಾ ಈ ಮನೆಯಿಂದಲೇ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಮೊನ್ನೆ ಊರ ಸಂಘದ ಕಾರ್ಯದರ್ಶಿ ಚಿದಾನಂದ ಫೋನು ಮಾಡಿದ್ದ. ತಂಗುದಾಣದಲ್ಲಿ ಅಪ್ಪನ ಹೆಸರಿನ ಕಲ್ಲು ಹಾಕುತ್ತಾರಂತೆ.

"'ಒಂದು ಸೆಂಟೂ ಸುಳ್ಳು ಬರೆಯದ ಕರಿಬಸಪ್ಪನವರ ನೆನಪಿಗೆ' ಅಂತ ಬರೆಸೋಣ ಅಂದ್ಕೊಂಡಿದೀವಿ ಅಮೃತಕ್ಕ. ಗುಡ್ಡ ಜಾರೋಕೆ ಮುಂಚಿನ ದಿನದ ಲೆಕ್ಕಾನೂ ಅದ್ರ ಕೆಳಗೆ ಕೆತ್ತಿಸ್ಬೇಕು. ಡೈರಿ ನೋಡಿ ಹೇಳ್ತೀರಾ?"

ಅವಳು ಡೈರಿ ತೆಗೆಯಲಿಲ್ಲ. ಆ ಪುಟ ಖಾಲಿಯೆಂದು ಅವಳಿಗೆ ಗೊತ್ತಿತ್ತು.

ಕೆಲವು ವರ್ಷದ ಹಿಂದಿನ ಆಗಸ್ಟ್ ಅದು. ವಾರವಿಡೀ ಮಳೆ ಹಿಡಿದುಕೊಂಡಿತ್ತು. ಗುಡ್ಡದ ಮಗ್ಗುಲಿನ ಕಾಲೋನಿಯಲ್ಲಿ ಏಳು ಮನೆ, ಅದರಲ್ಲಿ ಕಾಳಮ್ಮನದೂ ಒಂದು. ಶಾಲೆಗೆ ಇಳಿದು ಬನ್ನಿ ಎಂದು ಕರಿಬಸಪ್ಪ ಎರಡು ದಿನ ಅಂಗಲಾಚಿದರು. ದನ ಇದೆ, ಕೋಳಿ ಇದೆ ಎಂದು ಕಾಲೋನಿಯವರು ಜಗ್ಗಲಿಲ್ಲ. ಕೊನೆಗೆ, "ಒಂದು ದಿನಕ್ಕೆ ಹತ್ತಿಂಚು ದಾಟ್ಲಿ, ಆಗ ಇಳೀತೀವಿ" ಎಂದರು. ಮರುದಿನ ಬೆಳಿಗ್ಗೆ ಅಪ್ಪ ಅಳೆಯುವಾಗ ಕೊಡೆ ಹಿಡಿದು ನಿಂತವಳು ಅಮೃತಾ. ಎಂಟು ಗ್ಲಾಸು ತುಂಬಿತು, ಒಂಬತ್ತನೆಯದು ಅರವತ್ತರ ಗೆರೆಗೆ ನಿಂತಿತು. ಅಪ್ಪ ಆ ಗೆರೆಯನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಡೈರಿ ಮುಟ್ಟದೆ ನಡೆದು ಹೋಗಿ ಹಲಗೆಯ ಮೇಲೆ ಬರೆದರು: ಹತ್ತು ಇಂಚು ಇಪ್ಪತ್ತು ಸೆಂಟ್.

ಮಧ್ಯಾಹ್ನದೊಳಗೆ ಕಾಲೋನಿ ಖಾಲಿಯಾಯಿತು. ಮರುದಿನ ಬೆಳಿಗ್ಗೆ ಗುಡ್ಡ ಜಾರಿ ಏಳು ಮನೆಯೂ ಹೋದವು. ಒಂದು ಜೀವವೂ ಹೋಗಲಿಲ್ಲ. ಊರವರು ಹಲಗೆಗೆ ಹೂವಿನ ಹಾರ ಹಾಕಿದರು. ಆ ದಿನ ಅಪ್ಪ ಊಟ ಮಾಡಲಿಲ್ಲ. ಜನ ನನ್ನನ್ನು ನಂಬಿದ್ದರು, ನಾನು ನಂಬಿಕೆ ಕೆಡಿಸಿದೆ ಎಂಬ ಸಂಕಟ ಆ ಮುಖದಲ್ಲಿ ಅವಳಿಗೆ ಕಾಣುತ್ತಿತ್ತು. ಆದರೂ ತಂದೆ ಮಗಳು ಆ ವಿಷಯ ಆಡಲೇ ಇಲ್ಲ. ಹೋದ ತಿಂಗಳು ಆಸ್ಪತ್ರೆಯಲ್ಲಿ, ಮಾತು ನಿಲ್ಲುವ ಮೊದಲು, ಅಪ್ಪ ಅಂದದ್ದು ಇಷ್ಟೇ: "ಅವತ್ತಿಂದು ಬರ್ದಿಲ್ಲ ಮಗಾ. ನೀನೇ ಬರಿ."

ಏನು ಬರೆಯುವುದು? ನಿಜ ಬರೆದರೆ ಅಪ್ಪ ಊರೆದುರು ಸುಳ್ಳುಗಾರ. ಹಲಗೆಯ ಲೆಕ್ಕ ಬರೆದರೆ ಅಷ್ಟು ವರ್ಷದ ಡೈರಿಯೇ ಹಾಳು. ಅವಳಿಗೆ ಅಪ್ಪನ ಮೇಲೆ ಸಿಟ್ಟೂ ಬಂತು, ಸಿಟ್ಟು ಬಂದದ್ದಕ್ಕೆ ಅಳುವೂ ಬಂತು.

ಭಾನುವಾರ ಸಂಜೆ ಕಾಳಮ್ಮ ಬಂದಳು. ಎಂಟು ಹತ್ತು ದಿನದ ಹಿಂದೆ ಹೂಮಳೆ ಬಿದ್ದು ಇಡೀ ತೋಟ ಒಂದೇ ಸಮನೆ ಬೆಳ್ಳಗೆ ಅರಳಿತ್ತು. ಆ ವಾಸನೆಯಲ್ಲಿ ತಲೆ ತೇಲಿದಂತಾಗಿ ಯಾರು ಸತ್ತಿದ್ದಾರೆ, ಯಾರು ಇದ್ದಾರೆ ಎಂಬುದೇ ಮರೆಯುವ ಹಾಗಿತ್ತು. ಕಾಳಮ್ಮ ಜಗಲಿಯಲ್ಲಿ ಕೂತು, ಕೇಳದೆಯೇ ಅಮೃತಾಳ ಜಡೆ ಬಿಚ್ಚಿ ಬಾಚತೊಡಗಿದಳು. ಮುಖ ಕಾಣದಿದ್ದುದರಿಂದಲೋ ಏನೋ, ಅಮೃತಾ ಎಲ್ಲವನ್ನೂ ಹೇಳಿಬಿಟ್ಟಳು.

ಬಾಚಣಿಗೆ ನಿಲ್ಲಲಿಲ್ಲ.

"ನಂಗೆ ಅವತ್ತೇ ಗೊತ್ತಿತ್ತು ಕಣವ್ವ."

"ಏನು ಗೊತ್ತಿತ್ತು?"

"ಬಂಗ್ಲೆ ಅಂಗಳದ ಮಳೆ ಅಳ್ದು ಚೆಲ್ಲೋಳು ನಾನೇ ಅಲ್ವೇ? ಇಪ್ಪತ್ತು ವರ್ಷದಿಂದ ಚೆಲ್ತಾ ಇದೀನಿ. ಅವತ್ತು ಎಂಟೂವರೆ ಇಂಚು. ಕೆಳಗೆ ಬಂದು ನೋಡ್ತೀನಿ, ಅಣ್ಣ ಹತ್ತಿಂಚು ಇಪ್ಪತ್ತು ಅಂತ ಬರ್ದವ್ರೆ. ಇನ್ನು ಮೇಲಿರೋದು ಬೇಡ ಅಂದ್ಕೊಂಡೆ."

"ಯಾಕೆ?"

"ಯಾಕೆ ಅಂತೀಯಲ್ಲ! ಕರಿಬಸಪ್ಪಣ್ಣ ಸುಳ್ಳು ಬರ್ದವ್ರೆ ಅಂದ್ರೆ ಇನ್ನು ಗುಡ್ಡ ನಿಲ್ಲಲ್ಲ ಅಂತ ತಾನೇ? ಓಡೋಗಿ ಮನೆಮನೆಗೂ ಅದ್ನೇ ಹೇಳ್ದೆ. ನಿಜವಾಗ್ಲೂ ಹತ್ತಿಂಚು ಬಿದ್ದಿದ್ರೂ ನಾವು ಇಳೀತಿರ್ಲಿಲ್ಲ ಕಣವ್ವ. ಹತ್ತು ಅಂದಿದ್ದು ಸುಮ್ನೆ ಅಣ್ಣನ್ನ ಸಾಗಾಕೋಕೆ."

ಅಮೃತಾ ತಿರುಗಿ ಕೂತಳು. "ಅಪ್ಪನಿಗೆ ಯಾಕೆ ಹೇಳಲಿಲ್ಲ ಕಾಳಮ್ಮ?"

"ಹೇಳಿದ್ರೆ ನಾಚ್ಕೊಳ್ತಿದ್ರು" ಎಂದಳು ಕಾಳಮ್ಮ. ಅಷ್ಟು ಹೊತ್ತು ಗಟ್ಟಿಯಾಗಿದ್ದವಳ ಕಣ್ಣೂ ತುಂಬಿತು. "ಹೇಳ್ಬೇಕಾಗಿತ್ತು ಅಲ್ವೇ?"

ಅಮೃತಾ ಚಿದಾನಂದನಿಗೆ ಫೋನು ಮಾಡಿದಳು. "ಅವತ್ತು ಬಿದ್ದದ್ದು ಎಂಟು ಇಂಚು ಅರವತ್ತು ಸೆಂಟ್" ಎಂದಳು, ಒಂದೇ ಉಸಿರಿಗೆ.



"ನಮ್ಮಲ್ಲಿ ಎಂಟು ನಲ್ವತ್ತು ಇತ್ತು ಅಕ್ಕ" ಎಂದ ಚಿದಾನಂದ ಮೆಲ್ಲಗೆ. "ಎಲ್ರಿಗೂ ಗೊತ್ತು. ನಿಮ್ಗೆ ಗೊತ್ತೋ ಇಲ್ವೋ, ನೋವಾಗುತ್ತೇನೋ ಅಂತ ಕಲ್ಲಿಗೆ 'ಒಂದು ಸೆಂಟೂ ಸುಳ್ಳು ಬರೆಯದ' ಅಂತ ಬರೆಸೋಣ ಅಂದ್ವಿ."

ಅವಳು ನಕ್ಕಳು, ಅಪ್ಪ ಹೋದ ಮೇಲೆ ಮೊದಲ ಸಲ. ಆಮೇಲೆ ಡೈರಿ ತೆಗೆದು ಖಾಲಿ ಪುಟದಲ್ಲಿ ನಿಜದ ಲೆಕ್ಕ ಬರೆದಳು. ಮರುದಿನ ಬೆಳಗಿನ ಕನಸಿನಲ್ಲಿ ಒಂಬತ್ತನೆಯ ಗ್ಲಾಸು ಅರವತ್ತಕ್ಕೆ ನಿಂತಿತು. ಅಪ್ಪ ಅದನ್ನು ಚೆಲ್ಲಿ, ಮಂಡಿ ಹಿಡಿದುಕೊಂಡು ಎದ್ದು, ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ತೋಟದ ಬಿಳುಪಿನೊಳಕ್ಕೆ ನಡೆದರು.

ಈಗ ತಂಗುದಾಣದಲ್ಲಿ ಬಸ್ಸಿಗೆ ಕಾಯುವವರು ಆ ಕಲ್ಲನ್ನು ಓದುತ್ತಾರೆ. ಪಕ್ಕದ ಹಲಗೆಯ ಮೇಲೆ ಅಮೃತಾ ಬೆಳಿಗ್ಗೆ ಎಂಟಕ್ಕೆ ಬರೆದ ಲೆಕ್ಕವಿರುತ್ತದೆ. ಕಲ್ಲಿನ ಮೇಲೆ ಹೆಸರಿನ ಕೆಳಗೆ ಎರಡೇ ಸಾಲು:

ಆ ದಿನ ಬಿದ್ದದ್ದು ಎಂಟು ಇಂಚು ಅರವತ್ತು ಸೆಂಟ್.
ಕರಿಬಸಪ್ಪನವರು ಬರೆದದ್ದು ಹತ್ತು ಇಂಚು ಇಪ್ಪತ್ತು.